ಒಂದೇ ಗಾಡಿಯಲ್ಲಿ ಬಂದ ಹುಳು

"ನಾನೂ ನನ್ನ ಗೆಳೆಯನೂ ಒಟ್ಟಿಗೇ ಒಂದೇ ತರಹದ ವ್ಯಾಪಾರ ಶುರು ಮಾಡಿದೆವು. ಅವನು ಮೇಲೆ ಬಂದ, ನಾನು ನೆಲ ಕಚ್ಚಿದೆ. ಇದು ಹಣೆಬರಹವೋ, ನನ್ನ ಮನೋಭಾವದ ತಪ್ಪೋ?" ಅಂತ ಕೇಳಿದ್ದೀರಿ. ನನಗೆ ವ್ಯಾಪಾರ ಗೊತ್ತಿಲ್ಲ. ರಾಮನಗರದ ಕಡೆ ರೇಷ್ಮೆ ಬೆಳೆಯುತ್ತೇನೆ. ಆದರೆ ಇದೇ ಪ್ರಶ್ನೆ ನನ್ನನ್ನೂ ಒಂದು ವರ್ಷ ನಿದ್ದೆಗೆಡಿಸಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಮೊಟ್ಟೆಯಿಂದ ಬಂದ ಹುಳು ಗೂಡು ಕಟ್ಟಲು ಶುರು ಮಾಡುವುದಕ್ಕೆ ಹೆಚ್ಚುಕಡಿಮೆ 25 ದಿನ ಬೇಕು. ಅಷ್ಟರಲ್ಲಿ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ನಾವು ಅದನ್ನು ಜ್ವರ ಅನ್ನುತ್ತೇವೆ. ಒಟ್ಟು ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕಿಂತ ಹೆಚ್ಚು ತಿನ್ನುವುದು ನಾಲ್ಕನೇ ಜ್ವರ ಎದ್ದ ಮೇಲೆ. ದುಡ್ಡು, ಕೂಲಿ, ನಮ್ಮ ನಿದ್ದೆ ಎಲ್ಲ ಸುರಿಯುವುದು ಆ ಕೊನೆಯ ವಾರದಲ್ಲಿ. ರೋಗ ಎದ್ದು ಕಾಣುವುದೂ ಹೆಚ್ಚಾಗಿ ಆಗಲೇ.

ನನಗೆ ಸಾಲಾಗಿ ಮೂರು ಬೆಳೆ ಹೋಯಿತು. ಮೊದಲನೇ ಸಲ, ಮರಿಹುಳು ಸಾಕಿ ಮಾರುವ ಚಾಕಿ ಕೇಂದ್ರದವರು ಕೆಟ್ಟ ಹುಳು ಕೊಟ್ಟರು ಅಂದೆ. ಎರಡನೇ ಸಲ ಪಕ್ಕದ ತೋಟದವರು ಔಷಧಿ ಹೊಡೆದದ್ದು ನಮ್ಮ ಸೊಪ್ಪಿಗೆ ತಾಗಿತು ಅಂದೆ. ಮೂರನೇ ಸಲ ಸೆಖೆಯ ಮೇಲೆ ಹಾಕಿದೆ. ಆ ಸಲ 150 ಮೊಟ್ಟೆಯ ಹುಳು ತಂದಿದ್ದೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ನಾವು ಒಂದು ಮೊಟ್ಟೆ ಅನ್ನುತ್ತೇವೆ). 100 ಕೆಜಿ ಆಸುಪಾಸು ಗೂಡು ಬರಬೇಕಿತ್ತು, ಬಂದದ್ದು 18 ಕೆಜಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಆ ಮೂರನೇ ಬೆಳೆಯ ಹುಳು ನನಗೂ ಹಿಂದಿನ ಬೀದಿಯ ಅಕ್ಕನಿಗೂ ಒಂದೇ ದಿನ, ಒಂದೇ ಗಾಡಿಯಲ್ಲಿ ಬಂದಿತ್ತು. ಇಬ್ಬರಿಗೂ ಅದೇ ಸೆಖೆ. ಅವರ ಹುಳು ಹಣ್ಣಾಗಿ, ಅಂದರೆ ಗೂಡು ಕಟ್ಟುವ ಹದಕ್ಕೆ ಬಂದು, ಗೂಡು ಕಟ್ಟಿಸುವ ತಟ್ಟೆಯಾದ ಚಂದ್ರಿಕೆ ಏರಿತು. ನನ್ನವು ಸಾಯುತ್ತಿದ್ದವು.

ತಮ್ಮ ಹುಳುವನ್ನೆಲ್ಲ ಚಂದ್ರಿಕೆಗೆ ಬಿಟ್ಟ ಮೇಲೆ ಅಕ್ಕ ನೋಡಲು ಬಂದರು. ಸಾಕಣೆ ನಡೆಯುವಾಗ ಅವರು ಇನ್ನೊಬ್ಬರ ಹುಳುಮನೆಗೆ ಕಾಲಿಡುವುದೇ ಇಲ್ಲ. ಬಾಗಿಲಲ್ಲೇ ನಿಂತು ಕೆಳಗೆ ನೋಡಿದರು. "ಕಾಲು ಅದ್ದೋಕೆ ಏನೂ ಇಟ್ಟಿಲ್ವೇನಪ್ಪ?" ಅಂದರು. ಒಳಗೆ ಹೋಗುವ ಮುಂಚೆ ಕಾಲು ಅದ್ದಲು ಸೋಂಕು ತೆಗೆಯುವ ನೀರು ಇಡಬೇಕು, ನಾನು ಇಟ್ಟಿರಲಿಲ್ಲ. ಸ್ಟ್ಯಾಂಡಿನ ಅಂಚಿನಲ್ಲಿ ಒಂದು ಹುಳು ಸೊಪ್ಪು ಬಿಟ್ಟು ಸುಮ್ಮನೆ ಅಲೆಯುತ್ತಿತ್ತು. ಮೈ ಊದಿತ್ತು, ಚರ್ಮ ಮಿರಮಿರ ಹೊಳೆಯುತ್ತಿತ್ತು. ಎತ್ತಿದರೆ ಚರ್ಮ ಹರಿದು ಹಾಲಿನಂಥ ನೀರು ಬೆರಳಿಗೆ ಇಳಿಯಿತು. ಹಾಲುತೊಂಡೆ ರೋಗ. ಆ ನೀರಿನ ತುಂಬಾ ವೈರಸ್.

"ಇಂಥದ್ದು ಕಂಡ್ರೆ ಏನು ಮಾಡ್ತೀಯ?"

"ಎತ್ತಿ ಆಚೆ ಎಸೀತೀನಕ್ಕ."

"ಆಚೆ ಅಂದ್ರೆ ಎಲ್ಲಿಗೆ?"

ಬಾಗಿಲ ಪಕ್ಕಕ್ಕೆ. ಅಲ್ಲಿ ಕೋಳಿಗಳು ಕೆದಕುತ್ತಿದ್ದವು. ಅದೇ ಮಣ್ಣು ತುಳಿದುಕೊಂಡು ನಾನು ದಿನಾ ಸೊಪ್ಪು ಹೊತ್ತು ಒಳಗೆ ಹೋಗುತ್ತಿದ್ದೆ.

ಮರುದಿನ ಅವರ ಹುಳುಮನೆಗೆ ಹೋಗಿ ಅರ್ಧ ದಿನ ಕೂತೆ. ರೋಗದ ಹುಳು ಹಾಕಲು ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಬೋಗುಣಿ ಇತ್ತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಬಾರದ ಹಾಗೆ ಕಿಟಕಿಗೆಲ್ಲ ಬಲೆ. ಗೂಡು ಬಿಡಿಸಿದ ಕೂಡಲೇ ಮನೆ, ಸ್ಟ್ಯಾಂಡು, ಚಂದ್ರಿಕೆ ಎಲ್ಲ ತೊಳೆದು ಸೋಂಕು ತೆಗೆಯುತ್ತಾರೆ, ಹೊಸ ಹುಳು ಬರುವ ಮುಂಚೆ ಇನ್ನೊಂದು ಸಲ. ನಾನು ಗೂಡು ಮಾರಿ ಬಂದವನು ಬಾಗಿಲು ಹಾಕಿದರೆ ತೆಗೆಯುತ್ತಿದ್ದದ್ದು ಮುಂದಿನ ಬೆಳೆಗೇ.

ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಇದು: ಅಲ್ಲಿ ಕಂಡದ್ದರಲ್ಲಿ ನನಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಎಲ್ಲವನ್ನೂ ರೇಷ್ಮೆ ಇಲಾಖೆಯವರು ಹೇಳಿದ್ದರು. ಆದರೆ ತಪ್ಪು ಚಾಕಿ ಕೇಂದ್ರದ್ದು ಅಂತ ಒಮ್ಮೆ ತೀರ್ಮಾನ ಮಾಡಿದ ಮೇಲೆ ನನ್ನ ಬಾಗಿಲ ಬಳಿ ಏನಿದೆ ಅಂತ ನೋಡುವ ಅಗತ್ಯವೇ ಕಾಣಲಿಲ್ಲ. ಒಂದೊಂದು ನೆಪವೂ ನನಗೆ ಒಂದೊಂದು ಬೆಳೆ ತಿಂದಿತು. ಮುಂದಿನ ಬೆಳೆ 71 ಕೆಜಿ ಬಂತು, ಅದರ ಮುಂದಿನದು 96.

ಹಾಗಂತ ಎಲ್ಲವೂ ಮನೋಭಾವದಲ್ಲೇ ಇದೆ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 2011ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿಯಿತು. ಅಪ್ಪ ಚಿನ್ನದಂಥ ಗೂಡು ಮಾರುಕಟ್ಟೆಗೆ ಒಯ್ದು, ಹರಾಜಿನಲ್ಲಿ ಕೂಗಿದ ರೇಟು ಕೇಳಿ, ಮನೆಗೆ ಬಂದು ಊಟ ಮಾಡದೆ ಮಲಗಿದ್ದರು. ಅವರಿಗೆ "ನಿನ್ನ ಯೋಚನೆ ಸರಿಯಿಲ್ಲ, ಅದಕ್ಕೇ ಸೋತೆ" ಅಂದಿದ್ದರೆ ಅದಕ್ಕಿಂತ ಕ್ರೂರವಾದ ಮಾತಿಲ್ಲ. ಆ ವರ್ಷ ಅಪ್ಪ ಒಂದು ಎಕರೆ ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದರು. ದೆಹಲಿಯ ಸುಂಕ ಅವರ ಕೈಯಲ್ಲಿರಲಿಲ್ಲ, ಆ ಒಂದು ಎಕರೆ ಇತ್ತು.

ಅದಕ್ಕೇ, ತಪ್ಪೆಲ್ಲ ನನ್ನದೇ ಅಂತ ಕೊರಗಬೇಡಿ. ನಿಮ್ಮ ಗೆಳೆಯನ ಜೊತೆ ಇನ್ನೂ ಮಾತುಕತೆ ಇದ್ದರೆ ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಅವನ ಅಂಗಡಿಯಲ್ಲಿ ಕೂತು ಬನ್ನಿ. ಸಾಲದ ಗಿರಾಕಿಗೆ ಅವನು ಏನು ಹೇಳುತ್ತಾನೆ, ಉಳಿದ ಮಾಲು ಏನು ಮಾಡುತ್ತಾನೆ, ಬಾಗಿಲು ಹಾಕುವ ಮುಂಚೆ ಏನು ಬರೆದಿಡುತ್ತಾನೆ ನೋಡಿ. ಕೇಳುವುದಕ್ಕೆ ಸಂಕೋಚವಾಗುತ್ತದೆ, ನನಗೂ ಆಗಿತ್ತು. ಅಕ್ಕನ ಮನೆ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸ್ ಬಂದಿದ್ದೆ.