ಚಿಕ್ಕಮಗಳೂರಿನಿಂದ ಮೂರು ದಿನಕ್ಕೆ ಕರಾವಳಿಯ ಹಳ್ಳಿ ಕಡೆ ಹೋದರೆ ಏನೇನು ನೋಡಬಹುದು?

ಮೂರು ದಿನ ರಜೆ ಇದೆ, ಜೊತೆಗೆ ವಯಸ್ಸಾದ ಅಮ್ಮ, ಎಂಟು ವರ್ಷದ ಮಗ ಇದ್ದಾರೆ, ಬೀಚ್ ಬಿಟ್ಟು ಬೇರೆ ಏನಿದೆ ಅಂತ ಕೇಳಿದ್ದೀರಿ. ನಾನು ಮೂಡಿಗೆರೆಯವನು, ವರ್ಷಕ್ಕೊಮ್ಮೆಯಾದರೂ ಘಟ್ಟ ಇಳಿಯುತ್ತೇನೆ. ನನ್ನ ಮಾತು ಕೇಳಿ, ಸುಮ್ನೆ ಊರೂರು ಸುತ್ತಬೇಡಿ. ಅಳಿವೆ ಇರುವ ಒಂದು ಊರು ಹಿಡಿದು ಅಲ್ಲೇ ಎರಡು ರಾತ್ರಿ ಇರಿ. ಅಳಿವೆ ಅಂದ್ರೆ ಹೊಳೆ ಹೋಗಿ ಸಮುದ್ರ ಸೇರುವ ಜಾಗ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕೋಡಿ ಬೆಂಗ್ರೆ. ಉಡುಪಿ ಹತ್ತಿರದ ಮಲ್ಪೆಯಿಂದ ಕಡಲ ಬದಿಯ ರಸ್ತೆಯಲ್ಲಿ ಉತ್ತರಕ್ಕೆ ಹೋದರೆ ಸಿಗುತ್ತದೆ. ಉದ್ದನೆಯ ಮರಳಿನ ಪಟ್ಟಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ತೆಂಗಿನ ತೋಟ, ಮನೆಗಳು. ಸ್ವರ್ಣಾ, ಸೀತಾ ಎರಡೂ ಹೊಳೆಗಳು ಇಲ್ಲೇ ಕಡಲಿಗೆ ಸೇರುತ್ತವೆ. ಆ ಕಡೆ ಹೋಂಸ್ಟೇಗಳಿವೆ. ಹೊಳೆ ಕಡೆಗೆ ಮುಖ ಇರುವ ಮನೆಯನ್ನೇ ಕೇಳಿ ಹಿಡಿಯಿರಿ.

ಯಾಕೆ ಅಂತ ಹೇಳ್ತೀನಿ. ನಾವು ಮಲೆನಾಡಿನವರು, ಹೊಳೆ ಅಂದ್ರೆ ಕೆಳಕ್ಕೆ ಹರಿಯುವುದು ಅಂತಷ್ಟೇ ಗೊತ್ತು. ನಮ್ಮ ಅಮ್ಮನನ್ನು ಕರೆದುಕೊಂಡು ಹೋದಾಗ ಬೆಳಿಗ್ಗೆ ದಂಡೆಯಲ್ಲಿ ಕೂತಿದ್ದೆವು. ಒಂದು ತೆಂಗಿನ ಸಿಪ್ಪೆ ತೇಲುತ್ತಾ ಕಡಲ ಕಡೆ ಹೋಯಿತು. ಊಟ ಮುಗಿಸಿ ಬಂದು ನೋಡಿದರೆ ನೀರು ಒಳಕ್ಕೆ ಬರುತ್ತಿತ್ತು. ಎಲೆ, ನೊರೆ, ಕಸ ಕಡ್ಡಿ ಎಲ್ಲ ನಿಧಾನವಾಗಿ ಘಟ್ಟದ ಕಡೆಗೆ. "ನೋಡೋ, ಹೊಳೆ ತವರಿಗೆ ಹೊರಟಿದೆ" ಅಂದರು ಅಮ್ಮ. ಎರಡೂ ಹೊಳೆ ಹುಟ್ಟುವುದು ಘಟ್ಟದಲ್ಲೇ ಅಲ್ವಾ! ಆ ದಿನ ಅವರು ಕತ್ತಲಾಗುವವರೆಗೆ ಅಲ್ಲಿಂದ ಏಳಲಿಲ್ಲ.

ಈ ಉಬ್ಬರ, ಇಳಿತ ದಿನಕ್ಕೆ ಎರಡೆರಡು ಸಲ ಆಗುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಹೋದ ಕೂಡಲೇ ಮನೆಯವರನ್ನು "ಇವತ್ತು ಇಳಿತ ಎಷ್ಟು ಹೊತ್ತಿಗೆ?" ಅಂತ ಕೇಳಿ. ನೀರು ಇಳಿದಾಗ ಹೊಳೆಯ ಮರಳಿನಲ್ಲಿ ಮರುವಾಯಿ ಹೆಕ್ಕುತ್ತಾರೆ, ಅಂದ್ರೆ ಚಿಪ್ಪು. ಮಗನನ್ನು ಅವರ ಜೊತೆ ಬಿಡಿ, ನೀವೂ ಪಕ್ಕದಲ್ಲೇ ಇರಿ. ಕಾಲಿನಿಂದಲೇ ಮರಳು ಕೆದಕಿ ಚಿಪ್ಪು ಹುಡುಕುವುದನ್ನು ಅವನು ಬೇಗ ಕಲಿಯುತ್ತಾನೆ. ಆದರೆ ಅಳಿವೆ ಬಾಯಲ್ಲಿ ಮಾತ್ರ ಯಾರೂ ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಂಡರೂ ಸೆಳೆತ ಜಾಸ್ತಿ.

ಬೆಳಿಗ್ಗೆ ಬೇಗ ಎದ್ದು ಕಡಲ ಕಡೆ ಹೋಗಿ. ಕೈರಂಪಣಿ ಬಲೆ ಹಾಕಿದ್ದರೆ ನಿಮ್ಮ ಅದೃಷ್ಟ. ದೋಣಿಯಲ್ಲಿ ಅರ್ಧ ಸುತ್ತು ಬಲೆ ಬಿಟ್ಟು ಬರುತ್ತಾರೆ. ಆಮೇಲೆ ದಡದ ಮೇಲೆ ಎರಡು ಸಾಲು ಜನ ಎರಡು ತುದಿಯ ಹಗ್ಗ ಎಳೆಯುತ್ತಾರೆ. ಕೇಳಿಕೊಂಡು ನೀವೂ ಕೈ ಹಾಕಿ. ಒದ್ದೆ ಹಗ್ಗದ ಭಾರ ಅಂಗೈಗೆ ಗೊತ್ತಾದ ಮೇಲೆ ಬಂಗುಡೆ ದುಬಾರಿ ಅಂತ ಚೌಕಾಸಿ ಮಾಡಲು ಮನಸ್ಸು ಬರುವುದಿಲ್ಲ.

ಎರಡನೇ ದಿನ ಬಾರ್ಕೂರು ನೋಡಿ, ಹತ್ತಿರದಲ್ಲೇ ಇದೆ. ಹಿಂದೆ ತುಳುನಾಡನ್ನು ಆಳಿದ ಆಳುಪ ಅರಸರ ರಾಜಧಾನಿಯಾಗಿದ್ದ ಊರು, ಈಗ ಗದ್ದೆಗಳ ನಡುವೆ ಹಳೇ ದೇವಸ್ಥಾನಗಳು, ಕತ್ತಲೆ ಬಸದಿ. ಸಂಜೆ ಸಾಲಿಗ್ರಾಮದಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ಹೊಡೆಯಬಹುದು. ಸೇಂಟ್ ಮೇರಿಸ್ ದ್ವೀಪ, ಕೃಷ್ಣ ಮಠ ಎಲ್ಲರೂ ಹೇಳುತ್ತಾರೆ, ಸಮಯ ಉಳಿದರೆ ಹೋಗಿ. ಚಳಿಗಾಲವಾದರೆ ಮಟ್ಟುಗುಳ್ಳದ ಹುಳಿ ಇದೆಯಾ ಅಂತ ಊಟಕ್ಕೆ ಮೊದಲೇ ವಿಚಾರಿಸಿ. ಕಟಪಾಡಿ ಬಳಿಯ ಮಟ್ಟು ಊರಿನ ಗುಂಡನೆಯ ಹಸಿರು ಬದನೆ ಅದು, 2011ರಲ್ಲಿ ಜಿಐ, ಅಂದ್ರೆ ಆ ಊರಿನದೇ ಬೆಳೆ ಅನ್ನುವ ಗುರುತು ಸಿಕ್ಕಿದೆ. ಸಿಪ್ಪೆ ತೆಳು, ಬಾಯಲ್ಲಿ ಬೆಣ್ಣೆ ಹಾಗೆ ಕರಗುತ್ತದೆ.

ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಆಗ ಕಂಬಳವೂ ಇರುತ್ತದೆ, ರಾತ್ರಿ ಯಕ್ಷಗಾನ ಬಯಲಾಟವೂ ಇರುತ್ತದೆ. ಜೂನ್, ಜುಲೈ ಬೇಡ. ಆ ಎರಡು ತಿಂಗಳು ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ದ್ವೀಪಕ್ಕೂ ದೋಣಿ ಇಲ್ಲ. ನೀವು ಇಳಿಯುವ ಚಾರ್ಮಾಡಿ ಘಾಟಿಯೂ ಮಳೆಯಲ್ಲಿ ನಂಬಿಕೆಯದಲ್ಲ, 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಯೇ ಮುಚ್ಚಿತ್ತು.

ಹೋಗುವಾಗ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯಿರಿ. ಬರುವಾಗ ಹೆಬ್ರಿ, ಕಾರ್ಕಳದ ನಡುವಿನ ವರಂಗಕ್ಕೆ ಹೋಗಿ. ಕೆರೆಯ ಮಧ್ಯೆ ಬಸದಿ, ದೋಣಿಯಲ್ಲೇ ಹೋಗಬೇಕು. ಅಮ್ಮನಿಗೂ ಕಷ್ಟ ಇಲ್ಲ. ಅಲ್ಲಿಂದ ಕಾರ್ಕಳ, ಕುದುರೆಮುಖ, ಕಳಸ ದಾರಿ ಹಿಡಿಯಿರಿ. ಕಾಡಿನ ಗೇಟ್ ರಾತ್ರಿ ಹಾಕುತ್ತಾರೆ, ಮಧ್ಯಾಹ್ನ ಮೂರಕ್ಕೆಲ್ಲ ಕಾರ್ಕಳ ಬಿಟ್ಟುಬಿಡಿ.