ಇತಿಹಾಸದ ಹುಡುಗಿಗೆ ಕಲ್ಲಿನ ಪಾಠವೇಕೆ?

ಮಾನ್ಯರೇ,

ಪಿಯುಸಿಯಲ್ಲಿ ವಿಜ್ಞಾನ ಓದಿ, ಅದು ಸಾಕೆಂದು ಹೊರರಾಜ್ಯದ ವಿಶ್ವವಿದ್ಯಾಲಯದಲ್ಲಿ ಇತಿಹಾಸಕ್ಕೆ ಸೇರಿದ ನಿಮ್ಮ ಮಗಳು ಈಗ ಭೂವಿಜ್ಞಾನವನ್ನು ಮೈನರ್ ಆಗಿ, ಅಂದರೆ ಮುಖ್ಯ ವಿಷಯದ ಜೊತೆಗಿನ ಉಪವಿಷಯವಾಗಿ, ತೆಗೆದುಕೊಳ್ಳುತ್ತೇನೆಂದು ಹಟ ಹಿಡಿದಿದ್ದಾಳೆ. ಎರಡು ದೋಣಿಯಲ್ಲಿ ಕಾಲಿಟ್ಟಂತಾಗುವುದಿಲ್ಲವೇ, ಇದರಿಂದ ಕೆಲಸವಾದರೂ ಸಿಗುತ್ತದೆಯೇ ಎಂದು ಕೇಳಿದ್ದೀರಿ.

ಕೆಲಸದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಭೂವಿಜ್ಞಾನಿ ಹುದ್ದೆಗೆ ಆ ವಿಷಯದಲ್ಲಿ ಸ್ನಾತಕೋತ್ತರ ಪದವಿಯೇ ಬೇಕು. ಮೈನರ್ ಹಿಡಿದುಕೊಂಡು ಆ ಬಾಗಿಲು ತಟ್ಟುವಂತಿಲ್ಲ. ಆದರೂ ತೆಗೆದುಕೊಳ್ಳಲಿ ಎನ್ನುತ್ತೇನೆ.

ಏಕೆಂದರೆ ಅವಳು ಓದುತ್ತಿರುವುದು ಇತಿಹಾಸ. ನಮ್ಮ ಪ್ರಾಗಿತಿಹಾಸದ ಬಾಗಿಲು ತೆರೆದವರೇ ಕಲ್ಲು ಬಲ್ಲವರು. 1863ರಲ್ಲಿ ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ ಶಿಲಾಯುಗದ ಕೈಗೊಡಲಿಯನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫುಟ್ ಭೂವಿಜ್ಞಾನಿ. ಮುಂದೆ ಬಳ್ಳಾರಿ ಸೀಮೆಯನ್ನೂ ಅವನು ಕಾಲಿನಲ್ಲಿ ಅಳೆದ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರಿಗೆ.

ನನ್ನದೇ ಒಂದು ಅನುಭವ. ಹಳೇಬೀಡಿನ ರಸ್ತೆಬದಿಯ ಶಿಲ್ಪಿಯೊಬ್ಬರ ಅಂಗಳದಲ್ಲಿ ಬಿದ್ದಿದ್ದ ಚಕ್ಕೆಯೊಂದನ್ನು ಭೂವಿಜ್ಞಾನಿ ಗೆಳೆಯರು ನನ್ನ ಕೈಗಿತ್ತು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರವನ್ನೂ ಕೊಟ್ಟರು. ನಾನು ಪತ್ರಿಕೆ ಓದುವವನಂತೆ ಮಸೂರವನ್ನು ಕಲ್ಲಿನ ಮೇಲೆ ಹಿಡಿದೆ. ಅವರು ನಕ್ಕು, ಮಸೂರವನ್ನು ಕಣ್ಣಿಗೆ ಒತ್ತಿಸಿ, ಕಲ್ಲನ್ನೇ ಹತ್ತಿರ ತರಿಸಿದರು. ಹಸಿರು ಛಾಯೆಯ ತೆಳು ಹಾಳೆಗಳು ಒಂದರ ಮೇಲೊಂದು ಮಲಗಿದ್ದವು. ನಾಣ್ಯದ ಅಂಚಿನಿಂದ ಗೀರಿದರೆ ಬಿಳಿ ಪುಡಿ ಉದುರಿತು. ಬಳಪದ ಕಲ್ಲು! ಹೊಯ್ಸಳರ ಮದನಿಕೆಯರ ಕೊರಳ ಸರದಲ್ಲಿ ಮಣಿ ಮಣಿಯೂ ಬಿಡಿಯಾಗಿ ಕಾಣುವುದಕ್ಕೂ, ಹಂಪಿಯ ಗ್ರಾನೈಟಿನ ಉಗ್ರನರಸಿಂಹ ಗಾತ್ರದಿಂದಲೇ ಎದೆ ನಡುಗಿಸುವುದಕ್ಕೂ ಕಾರಣದ ಒಂದು ಪಾಲು ಕಲ್ಲಿನಲ್ಲೇ ಇದೆ ಎಂದು ಅಂದು ಹೊಳೆಯಿತು. ಅದಕ್ಕೆ ಮೊದಲು ರಾಜರ ಅಭಿರುಚಿಯ ಬಗ್ಗೆ ಎಷ್ಟೋ ಪುಟ ಬರೆದಿದ್ದೆ, ಬಿಡಿ.

ಹೊರೆಯ ಲೆಕ್ಕ ಹೀಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಚೌಕಟ್ಟಿನಂತೆ ಮೂರು ವರ್ಷದ ಪದವಿಯ 120 ಕ್ರೆಡಿಟ್‌ಗಳಲ್ಲಿ ಮೈನರ್‌ಗೆ 24. ಐದರಲ್ಲಿ ಒಂದು ಪಾಲು. ಉಪನ್ಯಾಸವಾದರೆ ಒಂದು ಕ್ರೆಡಿಟ್‌ಗೆ ಸೆಮಿಸ್ಟರಿನಲ್ಲಿ 15 ಗಂಟೆ, ಪ್ರಯೋಗಾಲಯವಾದರೆ 30. ಅಂದರೆ ವಿಜ್ಞಾನದ ಮೈನರ್ ತೆಗೆದುಕೊಂಡವಳು ಅಷ್ಟೇ ಕ್ರೆಡಿಟ್‌ಗೆ ಸಾಹಿತ್ಯದ ಮೈನರ್‌ನವಳಿಗಿಂತ ಹೆಚ್ಚು ಹೊತ್ತು ಕಾಲೇಜಿನಲ್ಲಿರಬೇಕು. ಇದನ್ನು ಅವಳಿಗೆ ಮುಚ್ಚಿಡಬೇಡಿ.

ಒಂದು ಷರತ್ತು. ಕಲ್ಲು, ಖನಿಜಗಳನ್ನು ಕೈಯಲ್ಲಿ ಹಿಡಿದು ಕಲಿಸುವ ಪ್ರಯೋಗಾಲಯವೂ ವರ್ಷಕ್ಕೊಂದಾದರೂ ಕ್ಷೇತ್ರಕಾರ್ಯವೂ ಮೈನರ್‌ನವರಿಗೆ ಉಂಟೇ ಎಂದು ವಿಭಾಗದಲ್ಲೇ ವಿಚಾರಿಸಲಿ. ಮೇಜರ್‌ನವರನ್ನಷ್ಟೇ ಕರೆದುಕೊಂಡು ಹೋಗಿ ಉಳಿದವರಿಗೆ ಪರದೆಯ ಮೇಲೆ ಚಿತ್ರ ತೋರಿಸುವ ಏರ್ಪಾಡಾದರೆ ಬೇರೆ ವಿಷಯ ನೋಡಿಕೊಳ್ಳಲಿ. ಹಾಗೆಯೇ ಎರಡೂ ವಿಭಾಗಗಳ ವೇಳಾಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಲಿ. ಪ್ರಯೋಗಾಲಯದ ಮಧ್ಯಾಹ್ನವೇ ಇತಿಹಾಸದ ತರಗತಿಯೂ ಬಿದ್ದಿದ್ದರೆ, ಹೆಸರು ಬರೆಸುವ ಮೊದಲೇ ಇಬ್ಬರು ಮುಖ್ಯಸ್ಥರ ಬಳಿಯೂ ಮಾತಾಡುವುದು ಒಳ್ಳೆಯದು.

— ಸಂಪಾದಕ