ಬಸ್ಸು ಉಚಿತವಿದ್ದರೂ ತಪ್ಪಿಹೋದ ನಾಲ್ಕು ದಿನಗಳು

(ಗುರುತು ಸಿಗದಂತೆ ಹೆಸರು ಹಾಗೂ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಮಾತನಾಡಿ ನೆರವಾಗುವುದು ನನ್ನ ಕೆಲಸ. ಶಾರದಮ್ಮನವರನ್ನು ನನ್ನ ಬಳಿಗೆ ಕಳಿಸಿದಾಗ ಅವರ ಕಡತದ ಮೇಲೆ ‘ಚಿಕಿತ್ಸೆಗೆ ಸರಿಯಾಗಿ ಬರುತ್ತಿಲ್ಲ, ತಿಳಿಹೇಳಿ’ ಎಂಬ ಒಂದು ಸಾಲಿನ ಟಿಪ್ಪಣಿ ಇತ್ತು. ವಯಸ್ಸು ಐವತ್ತರ ಆಸುಪಾಸು. ದಾಸರಹಳ್ಳಿಯಲ್ಲಿ ಮಗ, ಸೊಸೆಯ ಜೊತೆ ವಾಸ. ಕಾಯಿಲೆ ಬೀಳುವವರೆಗೂ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಿದ್ದರು. ಗರ್ಭಕಂಠದ ಕ್ಯಾನ್ಸರ್‌ಗೆ ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದರಂತೆ 25 ಬಾರಿ ರೇಡಿಯೇಷನ್, ಅದರ ಜೊತೆಗೆ ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್ ಎಂದು ವೈದ್ಯರು ನಿಗದಿ ಮಾಡಿದ್ದರು. ಮೊದಲ 12 ದಿನಗಳಲ್ಲಿ ಅವರು ಬಂದದ್ದು ಎಂಟೇ ದಿನ.

ಈ ಚಿಕಿತ್ಸೆಯಲ್ಲಿ ದಿನ ತಪ್ಪಿಸುವುದು ಸಣ್ಣ ವಿಷಯವಲ್ಲ. ತಪ್ಪಿದ್ದನ್ನು ಕೊನೆಗೆ ಸೇರಿಸಿ ಲೆಕ್ಕ ತುಂಬಿಸಬಹುದಾದರೂ, ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಒಳಗಿನ ರೇಡಿಯೇಷನ್ ಸೇರಿದಂತೆ ಇಡೀ ಚಿಕಿತ್ಸೆ ಎಂಟು ವಾರ, ಅಂದರೆ 56 ದಿನಗಳೊಳಗೆ ಮುಗಿಯಬೇಕೆಂಬುದು ವೈದ್ಯರ ಗುರಿ. ಅವಧಿ ಎಳೆದಷ್ಟೂ ಉಳಿದ ಕ್ಯಾನ್ಸರ್ ಜೀವಕೋಶಗಳಿಗೆ ಮತ್ತೆ ಬೆಳೆಯಲು ಸಮಯ ಸಿಗುತ್ತದೆ. ಇದನ್ನು ನಾನು ಹೇಳುವ ಮೊದಲೇ ಶಾರದಮ್ಮ, “ಡಾಕ್ಟ್ರು ಬೈದವ್ರೆ ಮೇಡಂ, ಇನ್ಮೇಲೆ ತಪ್ಪಿಸಲ್ಲ” ಎಂದು ತಲೆ ತಗ್ಗಿಸಿದರು. ತಿಳಿಹೇಳುವ ಅಗತ್ಯವೇ ಅವರಿಗಿರಲಿಲ್ಲ.

ಅವರ ಬಟ್ಟೆಯ ಚೀಲದಲ್ಲಿ ಕಡತದ ಪಕ್ಕ ಅರ್ಧ ಲೀಟರಿನ ನೀರಿನ ಬಾಟಲಿ ಇತ್ತು. ಮುಚ್ಚಳದ ಸೀಲ್ ಇನ್ನೂ ಒಡೆದಿರಲಿಲ್ಲ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟವರು ಹನ್ನೊಂದಾದರೂ ಒಂದು ಗುಟುಕು ನೀರು ಕುಡಿದಿಲ್ಲವೇಕೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀರು ಕುಡಿದ್ರೆ ತಾನೇ ತೊಂದ್ರೆ? ರಾತ್ರಿಯಿಂದಾನೇ ಬಿಟ್ಟುಬಿಡ್ತೀನಿ” ಎಂದರು.

ಆಗ ಎಲ್ಲವೂ ಬಿಚ್ಚಿಕೊಂಡಿತು. ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಡಲು ಶುರುಮಾಡಿದ ಎರಡನೆಯ ವಾರಕ್ಕೆ ಭೇದಿ ಹಿಡಿದಿತ್ತು, ಮೂತ್ರಕ್ಕೆ ಮತ್ತೆ ಮತ್ತೆ ಅವಸರವಾಗುತ್ತಿತ್ತು. ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ, ಬೆಳಗಿನ ದಟ್ಟಣೆಯಲ್ಲಿ ನಿಂತು ಬರಲು ಎರಡು ಗಂಟೆ ಬೇಕು. ಒಂದು ದಿನ ಬಸ್ಸಿನಲ್ಲೇ ಸೀರೆ ಹಾಳಾಯಿತು. ಮುಂದಿನ ನಿಲ್ದಾಣದಲ್ಲಿ ಇಳಿದು, ಅಳುತ್ತಾ ಮನೆಗೆ ಹಿಂತಿರುಗಿದರು. ತಪ್ಪಿದ ನಾಲ್ಕು ದಿನಗಳಲ್ಲಿ ಅದು ಮೊದಲನೆಯದು. ಮನೆಯಲ್ಲಿ ಜ್ವರವೆಂದು ಹೇಳಿದ್ದರು. ಮಗನಿಗೆ ಆಟೊ ಕೇಳಲು ಬಾಯಿ ಬರಲಿಲ್ಲ, ಏಕೆಂದರೆ ‘ಹೆಂಗಸರಿಗೆ ಬಸ್ಸು ಫ್ರೀ ಇದೆಯಲ್ಲ’ ಎಂಬ ಮಾತು ಆಗಲೇ ಮನೆಯಲ್ಲಿ ಬಂದಿತ್ತು.

ನೀರು ಬಿಟ್ಟದ್ದು ಇನ್ನೂ ಅಪಾಯದ ಸಂಗತಿಯಾಗಿತ್ತು. ಸಿಸ್‌ಪ್ಲಾಟಿನ್ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ ಔಷಧಿ. ಅದನ್ನು ಪಡೆಯುವವರು ಸಾಕಷ್ಟು ನೀರು ಕುಡಿಯಲೇಬೇಕು. ಹಿಂದಿನ ವಾರ ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡದ ಕೆಲಸ ಕುಂದಿದಾಗ ಹೆಚ್ಚುವ ಕ್ರಿಯಾಟಿನಿನ್ ಏರಿದ್ದರಿಂದ ಕೀಮೋ ಮುಂದೂಡಲಾಗಿತ್ತು. ಕಾರಣ ಬಸ್ಸಿನಲ್ಲಿದೆ ಎಂದು ಯಾರಿಗೂ ಹೊಳೆದಿರಲಿಲ್ಲ, ನನಗೂ ಆ ಬಾಟಲಿ ಕಾಣುವವರೆಗೆ ಹೊಳೆಯಲಿಲ್ಲ.

ಮೊದಲು ಅವರ ಅನುಮತಿ ಪಡೆದು ವೈದ್ಯರಿಗೆ ವಿಷಯ ತಿಳಿಸಿದೆ. ಭೇದಿಗೆ ಅಂದೇ ಔಷಧಿ ಬರೆದರು. ರೇಡಿಯೇಷನ್ ವಿಭಾಗದವರೊಡನೆ ಮಾತನಾಡಿ, ಬೆಳಗಿನ ಒಂಬತ್ತೂವರೆಯ ಸರದಿಯನ್ನು ಮಧ್ಯಾಹ್ನ ಹನ್ನೆರಡಕ್ಕೆ ಬದಲಿಸಿಕೊಂಡೆವು. ಆಸ್ಪತ್ರೆಗಳಲ್ಲಿ ಕೇಳಿದರೆ ಇದು ಬಹಳ ಸಲ ಸಾಧ್ಯವಾಗುತ್ತದೆ; ಕೇಳುವವರು ಕಡಿಮೆ. ಚಿಕಿತ್ಸೆಯ ಹೊತ್ತಿಗೆ ಮೂತ್ರಕೋಶ ತುಂಬಿದ್ದರೆ ಕರುಳು ಪಕ್ಕಕ್ಕೆ ಸರಿದು ಅದಕ್ಕೆ ಬೀಳುವ ರೇಡಿಯೇಷನ್ ಕಡಿಮೆಯಾಗುತ್ತದೆ. ಆ ನೀರನ್ನು ಆಸ್ಪತ್ರೆ ತಲುಪಿದ ಮೇಲೆ ಕುಡಿದರೆ ಸಾಕು, ಹಾಗೆಂದು ಮನೆಯಿಂದ ಒಣಗಿ ಬರಬೇಡಿ ಎಂದು ಬಿಡಿಸಿ ಹೇಳಿದೆ.

ಆಮೇಲೆ ಮಗನನ್ನು ಕರೆಸಿ, ಮೂವರೂ ಕೂತು ಕಾಗದದ ಮೇಲೆ ಲೆಕ್ಕ ಹಾಕಿದೆವು. ಆಟೊ ಮೀಟರ್ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಮುಂದಿನ ಪ್ರತಿ ಕಿ.ಮೀ.ಗೆ 18. ಸುಮಾರು 18 ಕಿ.ಮೀ. ದೂರಕ್ಕೆ 324, ಹೋಗಿಬರಲು 648. ಉಳಿದಿದ್ದ 17 ದಿನಕ್ಕೆ 11,016 ರೂಪಾಯಿ. ಅದು ಅವರ ಕೈಗೆ ಮೀರಿದ್ದು. ಆದರೆ ದಾಸರಹಳ್ಳಿಯಿಂದ ಲಾಲ್‌ಬಾಗ್‌ವರೆಗೆ ಹಸಿರು ಮಾರ್ಗದ ಮೆಟ್ರೊದಲ್ಲಿ ಎಲ್ಲೂ ಬದಲಿಸದೆ ಮುಕ್ಕಾಲು ಗಂಟೆಯೊಳಗೆ ಬರಬಹುದು, ಅವಸರವಾದರೆ ನಿಲ್ದಾಣದಲ್ಲಿ ಇಳಿದು ಶೌಚಾಲಯಕ್ಕೆ ಹೋಗಿ ಮುಂದಿನ ರೈಲು ಹಿಡಿಯಬಹುದು. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೂ ಗರಿಷ್ಠ ದರ 90 ರೂಪಾಯಿ, ಇವರ ದೂರಕ್ಕೆ ಅದಕ್ಕಿಂತ ಕಡಿಮೆ. ಲಾಲ್‌ಬಾಗ್‌ನಿಂದ ಆಸ್ಪತ್ರೆಗೆ ಆಟೊ 54. ಚಿಕಿತ್ಸೆಯಾದ ಮೇಲೆ ಒಂದು ಗಂಟೆ ವಿಶ್ರಮಿಸಿ, ಊಟ ಮುಗಿಸಿ, ಜನ ಕಡಿಮೆಯಿರುವ ಹೊತ್ತಿನಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ನಲ್ಲಿ ಸಾಮಾನ್ಯ ಬಸ್ಸು ಹಿಡಿದು ಹಿಂತಿರುಗುವುದು. ಜೊತೆಗೆ ಬರುವ ನಾದಿನಿಯನ್ನು ಸೇರಿಸಿದರೂ ದಿನಕ್ಕೆ 234 ರೂಪಾಯಿ ಮೀರುವುದಿಲ್ಲ. ಕೀಮೋ ಇರುವ ಮೂರು ದಿನ ಮಾತ್ರ ಎರಡೂ ಕಡೆ ಆಟೊ. ಒಟ್ಟು 5,220. ಮಗ ಕಾಗದವನ್ನು ಎರಡು ಸಲ ಓದಿ, “ಇಷ್ಟು ನಾನು ಮಾಡ್ತೀನಿ. ಅಮ್ಮ ಬಾಯಿ ಬಿಟ್ಟು ಹೇಳಿದ್ರೆ ತಾನೇ ಗೊತ್ತಾಗೋದು” ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಆಸ್ಪತ್ರೆಯ ಹತ್ತಿರದ ಧರ್ಮಶಾಲೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ಉಳಿಯುವ ದಾರಿಯನ್ನೂ ಹೇಳಿದ್ದೆ. ದೂರದ ಊರಿನವರಿಗೆ ನಾನು ಮೊದಲು ಹೇಳುವುದು ಅದನ್ನೇ. ಮೊಮ್ಮಗುವನ್ನು ಬಿಟ್ಟಿರಲಾರೆ ಎಂದರು, ಒತ್ತಾಯಿಸಲಿಲ್ಲ. ದಿನನಿತ್ಯದ ಓಡಾಟಕ್ಕೆ 108 ಬರುವುದಿಲ್ಲವೇ ಎಂದು ಮಗ ಕೇಳಿದ್ದ. ಅದು ತುರ್ತಿಗೆ ಮೀಸಲು: ಹೆಚ್ಚು ರಕ್ತಸ್ರಾವ, ಉಸಿರಾಟದ ತೊಂದರೆ ಇದ್ದರೆ ಕರೆಯಿರಿ, ಕೀಮೋ ನಡೆಯುತ್ತಿರುವಾಗ 100.4 ಡಿಗ್ರಿ ದಾಟಿದ ಜ್ವರ ಬಂದರೆ ಬೆಳಗಾಗಲೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ ಎಂದೆ.

ಉಳಿದ 17 ದಿನಗಳಲ್ಲಿ ಒಂದೂ ತಪ್ಪಲಿಲ್ಲ. ಒಳಗಿನ ರೇಡಿಯೇಷನ್ ಸೇರಿ ಎಲ್ಲವೂ 54ನೆಯ ದಿನಕ್ಕೆ ಮುಗಿಯಿತು.

ಚೇತರಿಸಿಕೊಳ್ಳಲು ಅವರು ಬೀರೂರಿನ ಅಣ್ಣನ ಮನೆಗೆ ಹೊರಟಾಗ, ಮುಂದಿನ ತಪಾಸಣೆಗೆ ಬರಲೆಂದು ರೈಲ್ವೆ ರಿಯಾಯಿತಿಯ ನಮೂನೆಯನ್ನು ವೈದ್ಯರಿಂದ ಸಹಿ ಮಾಡಿಸಿ ಕೊಟ್ಟೆ. ಚಿಕಿತ್ಸೆ ಅಥವಾ ತಪಾಸಣೆಗೆ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೆಯ ದರ್ಜೆಯ ಎಸಿಯಲ್ಲಿ ಪೂರ್ತಿ, ಎರಡನೆಯ ದರ್ಜೆಯಲ್ಲಿ ಶೇ 75 ರಿಯಾಯಿತಿ ಇದೆ. ಜೊತೆಗಿರುವ ಒಬ್ಬರಿಗೆ ಈ ಮೂರರಲ್ಲೂ ಶೇ 75. ಟಿಕೆಟ್ಟನ್ನು ನಿಲ್ದಾಣದ ಕೌಂಟರಿನಲ್ಲೇ ಪ್ರಮಾಣಪತ್ರ ತೋರಿಸಿ ಪಡೆಯಬೇಕು. ಮೂರು ತಿಂಗಳ ನಂತರದ ತಪಾಸಣೆಗೆ ಅವರು ಅಣ್ಣನೊಂದಿಗೆ ಅದೇ ರಿಯಾಯಿತಿಯಲ್ಲಿ ಬಂದರು, ಮೆಜೆಸ್ಟಿಕ್‌ನಿಂದ ಲಾಲ್‌ಬಾಗ್‌ಗೆ ಮೆಟ್ರೊ ಹಿಡಿದು. ನನ್ನ ಕೋಣೆಗೆ ಬಂದು ಕೂತವರು ಚೀಲದಿಂದ ಬಾಟಲಿ ತೆಗೆದು, “ಇನ್ನೊಂಚೂರು ನೀರು ತುಂಬಿಸ್ಕೊಳ್ಳಾ ಮೇಡಂ?” ಎಂದು ಕೇಳಿದರು.